ಮೊದಲು ನೀರಿನ ಪರೀಕ್ಷೆ, ಆಮೇಲೆ ಯಂತ್ರ: ಕೊಳವೆಬಾವಿ ನೀರು ಕುಡಿಯುವ ಮನೆಗಳ ಹಕ್ಕೊತ್ತಾಯ ಪತ್ರ

ಗೆ,
ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ, ಕರ್ನಾಟಕ ಸರ್ಕಾರ;
ಕೋಲಾರ ಹಾಗೂ ಚಿಕ್ಕಬಳ್ಳಾಪುರ ಜಿಲ್ಲಾ ಪಂಚಾಯಿತಿಗಳು;
ಎರಡೂ ಜಿಲ್ಲೆಗಳ ಎಲ್ಲ ಗ್ರಾಮ ಪಂಚಾಯಿತಿಗಳು.

ವಿಷಯ: ಮನೆಬಳಕೆಯ ನೀರಿನ ದೋಷ ಪತ್ತೆ ಹಚ್ಚಿ, ಆಯಾ ದೋಷಕ್ಕೆ ತಕ್ಕ ಶುದ್ಧೀಕರಣ ಒದಗಿಸುವ ಬಗ್ಗೆ.

ಮಾನ್ಯರೇ,

ಪಾಲಾರ್, ಪಿನಾಕಿನಿ, ಚಿತ್ರಾವತಿ ಹುಟ್ಟುವುದು ನಮ್ಮ ನೆಲದಲ್ಲೇ. ಆದರೂ ವರ್ಷವಿಡೀ ಹರಿಯುವ ನದಿ ಒಂದೂ ನಮಗಿಲ್ಲ. ಕೆರೆ, ತೆರೆದ ಬಾವಿ ನಂಬಿದ್ದ ಊರುಗಳು ಇಂದು ಸಾವಿರ ಅಡಿ ದಾಟಿದ ಕೊಳವೆಬಾವಿಗಳನ್ನು ನಂಬಿವೆ. ಆ ಆಳದ ನೀರು ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು, ಬಂಡೆಯ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ, ದೊಡ್ಡವರ ಬಗ್ಗದ ಬೆನ್ನು, ಮಡಚಲಾಗದ ಮಂಡಿ, ಇವೇ ಅದರ ಗುರುತು. ಗುರುತು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ನೀರಿನ ದೋಷ ಒಂದೇ ಬಗೆಯದಲ್ಲ. ಫ್ಲೋರೈಡ್ ಬೇರೆ, ಗಡಸುತನ ಬೇರೆ, ನೈಟ್ರೇಟ್ ಬೇರೆ, ರೋಗಾಣು ಬೇರೆ. ಒಂದನ್ನು ತೆಗೆಯುವ ವಿಧಾನ ಎಷ್ಟೋ ಸಲ ಇನ್ನೊಂದನ್ನು ಮುಟ್ಟುವುದೇ ಇಲ್ಲ. ಕಾಯಿಲೆ ಯಾವುದೆಂದು ನೋಡದೆ ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ ಎಲ್ಲ ಊರಿಗೂ ಒಂದೇ ಯಂತ್ರ ಕೊಟ್ಟು ಕೈತೊಳೆದುಕೊಳ್ಳುವುದು ಇನ್ನು ಸಾಕು. ಮಾಲಿನ್ಯವಿಲ್ಲದ ನೀರು ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆ ಹಕ್ಕಿನ ಬಲದಿಂದ ಈ ಕೆಳಗಿನವುಗಳನ್ನು ಒತ್ತಾಯಿಸುತ್ತೇವೆ.

1. ನಮ್ಮ ನೀರಿನಲ್ಲಿ ಏನಿದೆಯೆಂದು ನಮಗೆ ತಿಳಿಸಿ. ಪ್ರತಿ ಕೊಳವೆಬಾವಿಯ ನೀರಿಗೂ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಮಳೆಗಾಲದ ಮುಂಚೆ ಮತ್ತು ನಂತರ ರೋಗಾಣು ಪರೀಕ್ಷೆ ನಡೆಯಲೇಬೇಕು. ವರದಿ ಕಡತದಲ್ಲಿ ಉಳಿಯಬಾರದು. ಓವರ್‌ಹೆಡ್ ಟ್ಯಾಂಕಿನ ಕಂಬದ ಮೇಲೆ, ಅಂಗನವಾಡಿ ಮತ್ತು ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು: ಪರೀಕ್ಷೆಯ ದಿನಾಂಕ, ಫ್ಲೋರೈಡ್, ನೈಟ್ರೇಟ್, ಗಡಸುತನ, ಕುಡಿಯಲು ಯೋಗ್ಯವೇ ಅಲ್ಲವೇ ಎಂಬ ಒಂದು ಮಾತು. ಹೊಸ ಬೋರ್ ಕೊರೆಸಿದರೆ ವರದಿ ಬಂದ ಮೇಲೆಯೇ ಊರಿನ ಪೈಪಿಗೆ ಜೋಡಿಸಬೇಕು.

2. ಪರೀಕ್ಷೆ ಮಾಡುವ ಹೆಂಗಸರಿಗೆ ಗೌರವಧನ ಕೊಡಿ, ಅವರ ಮಾತಿಗೆ ಬೆಲೆ ಕೊಡಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ತರಬೇತಿಯ ಫೋಟೊ ತೆಗೆದರೆ ಕೆಲಸ ಮುಗಿಯಲಿಲ್ಲ. ಕಿಟ್ಟಿನ ರಾಸಾಯನಿಕ ಮುಗಿದಾಗ ಹೊಸದು ಬರಬೇಕು. ಅವರು ದೋಷ ಕಂಡು ತಿಳಿಸಿದ ಏಳು ದಿನದೊಳಗೆ ತಾಲ್ಲೂಕಿನಿಂದ ಉತ್ತರ ಬರಬೇಕು.

3. ಫ್ಲೋರೈಡಿಗೆ ಮೊದಲ ಆದ್ಯತೆ, ಅದರಲ್ಲೂ ಮಕ್ಕಳಿಗೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದಲ್ಲಿ 1.5ರ ತನಕ ಸಹಿಸಬಹುದು. ಹಲ್ಲಿನ ಕಲೆ ಬೀಳುವುದು ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ. ಬಿದ್ದ ಕಲೆ ತಾನಾಗಿ ಹೋಗುವುದಿಲ್ಲ. ಹೀಗಾಗಿ ಅಂಗನವಾಡಿ ಮತ್ತು ಶಾಲೆಗಳಲ್ಲಿ ಕುಡಿಯುವುದಕ್ಕಷ್ಟೇ ಅಲ್ಲ, ಬಿಸಿಯೂಟದ ಅಡುಗೆಗೂ ಫ್ಲೋರೈಡ್ ತೆಗೆದ ನೀರೇ ಬೇಕು. ಎಷ್ಟೋ ಮನೆಗಳಲ್ಲಿ ‘ಫಿಲ್ಟರ್ ನೀರು’ ಕುಡಿಯುವುದಕ್ಕೆ ಮಾತ್ರ. ಅನ್ನ, ಮುದ್ದೆ, ಸಾರು ಬೇಯುವುದು ಬೋರ್ ನೀರಿನಲ್ಲೇ. ಮುದ್ದೆ ಹೀರಿದ ನೀರೂ ಹೊಟ್ಟೆಗೇ ಸೇರುತ್ತದೆ. ಪ್ರತಿ ಮನೆಗೆ ಕುಡಿಯಲು ಹಾಗೂ ಅಡುಗೆಗೆ, ಎರಡಕ್ಕೂ ಸಾಲುವಷ್ಟು ಶುದ್ಧ ನೀರನ್ನು ಲೆಕ್ಕ ಹಾಕಿ ಕೊಡಬೇಕು.

4. ಶುದ್ಧ ನೀರಿನ ಘಟಕಗಳನ್ನು ಕಟ್ಟಿ ಬಿಟ್ಟುಬಿಡಬೇಡಿ. ಆರ್‌ಒ ಯಂತ್ರ ಫ್ಲೋರೈಡ್, ನೈಟ್ರೇಟ್, ಗಡಸುತನ ಮೂರನ್ನೂ ತಗ್ಗಿಸುತ್ತದೆ, ನಿಜ. ಆದರೆ ಅದರ ಮೆಂಬ್ರೇನ್ ಹಾಳಾದರೆ ನಾಣ್ಯ ಹಾಕಿ ತಂದ ಕ್ಯಾನಿನಲ್ಲಿ ಇರುವುದು ಬರೀ ಬೋರ್ ನೀರು. ಆದ್ದರಿಂದ ಘಟಕದ ಬಾಗಿಲಲ್ಲಿ ಮೆಂಬ್ರೇನ್ ಬದಲಿಸಿದ ದಿನಾಂಕ, ಒಳಹೋಗುವ ಮತ್ತು ಹೊರಬರುವ ನೀರಿನ ಫ್ಲೋರೈಡ್ ಪ್ರಮಾಣ, ನಿರ್ವಹಣೆಯ ಹೊಣೆಗಾರರ ಫೋನ್ ನಂಬರ್ ಇರಬೇಕು. ಕೆಟ್ಟ ಘಟಕವನ್ನು ಮೂರು ದಿನದಲ್ಲಿ ಸರಿಪಡಿಸಬೇಕು. ಆಗದಿದ್ದರೆ ಪರೀಕ್ಷಿಸಿದ ನೀರನ್ನು ಟ್ಯಾಂಕರಿನಲ್ಲಿ ಉಚಿತವಾಗಿ ಕೊಡಬೇಕು. ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಲವಣವೆಲ್ಲ ಇನ್ನಷ್ಟು ದಟ್ಟವಾಗಿರುತ್ತದೆ. ಅದನ್ನು ಯಾವ ಕಾರಣಕ್ಕೂ ಇಂಗುಗುಂಡಿಗೋ ಹಳೆಯ ಬೋರಿಗೋ ಬಿಡಬಾರದು.

ಯಂತ್ರ ನಡೆಸಲು ಕರೆಂಟಿಲ್ಲದ ಸಣ್ಣ ಹಟ್ಟಿಗಳಿಗೆ, ತಾಂಡಾಗಳಿಗೆ ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಫಿಲ್ಟರ್ ಕೊಡಬಹುದು. ಅಲ್ಯುಮಿನಾ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ; ಅದರ ಶಕ್ತಿ ತೀರಿದಾಗ ಕ್ಷಾರ, ಆಮ್ಲಗಳಿಂದ ತೊಳೆದು ಮತ್ತೆ ಸಿದ್ಧಗೊಳಿಸಬೇಕು. ಆ ಸೇವೆಯ ಏರ್ಪಾಡಿಲ್ಲದೆ ಫಿಲ್ಟರ್ ಹಂಚಬೇಡಿ.

5. ಕೊನೆಯ ಮನೆಯ ನಲ್ಲಿಯಲ್ಲೂ ಕ್ಲೋರಿನ್ ಇರಲಿ. ವಾಂತಿಭೇದಿ, ಕಾಮಾಲೆ, ಟೈಫಾಯ್ಡ್ ತರುವ ರೋಗಾಣುಗಳಿಗೆ ಮದ್ದು ಸುಲಭ, ಅಗ್ಗ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಕೊನೆಯ ನಲ್ಲಿಯ ತನಕ ತಲುಪಬೇಕು. ಇದಕ್ಕೆ ನೀರುಗಂಟಿಗಳಿಗೆ ತರಬೇತಿ, ಸಕಾಲಕ್ಕೆ ಸಂಬಳ, ಹೊಸ ಬ್ಲೀಚಿಂಗ್ ಪೌಡರ್ ಬೇಕು. ತೆರೆದಿಟ್ಟ ಹಳೆಯ ಪುಡಿಯಲ್ಲಿ ಸತ್ವವಿರುವುದಿಲ್ಲ. ನೀರು ಬಿಡದ ಹೊತ್ತಿನಲ್ಲಿ ಖಾಲಿ ಪೈಪು ಸುತ್ತಲಿನ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಚರಂಡಿಯೊಳಗೆ ಹಾದುಹೋಗುವ ಪೈಪುಗಳನ್ನು ಮೊದಲು ಬದಲಿಸಬೇಕು.

6. ನೈಟ್ರೇಟನ್ನು ಮರೆಯಬೇಡಿ. ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ, ಯಾವ ಸಡಿಲಿಕೆಯೂ ಇಲ್ಲ. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಆರು ತಿಂಗಳೊಳಗಿನ ಕೂಸಿನ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಶೌಚದ ಗುಂಡಿ, ತಿಪ್ಪೆ, ಅತಿಯಾದ ಯೂರಿಯಾ ಇದರ ಮೂಲ. ಕುಡಿಯುವ ನೀರಿನ ಬಾವಿ, ಬೋರಿನ ಹತ್ತಿರ ಗುಂಡಿ ತೋಡಲು ಪಂಚಾಯಿತಿ ಅನುಮತಿ ಕೊಡಬಾರದು.

7. ಯಂತ್ರ ಮಾರುವವರಿಗೆ ನಿಯಮ ಹಾಕಿ. ಪಾತ್ರೆಗೆ ಬಿಳಿ ಪೊರೆ ಕಟ್ಟುವುದು, ಸೋಪು ನೊರೆ ಬಾರದಿರುವುದು ಗಡಸು ನೀರಿನ ಲಕ್ಷಣ. ಕಾರಣ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದಕ್ಕೆಂದು ಕೊಳ್ಳುವ ಸಾಫ್ಟನರ್ ಆ ಎರಡನ್ನು ತೆಗೆದು ಸೋಡಿಯಂ ಸೇರಿಸುತ್ತದೆ, ಫ್ಲೋರೈಡನ್ನು ತೆಗೆಯುವುದಿಲ್ಲ. ಕ್ಯಾಂಡಲ್ ಫಿಲ್ಟರ್, ಯುವಿ ದೀಪವೂ ಫ್ಲೋರೈಡಿಗೆ ಉಪಯೋಗವಿಲ್ಲ. ಇದು ತಿಳಿಯದ ಕುಟುಂಬಗಳು ಸಾಲ ಮಾಡಿ ತಪ್ಪು ಯಂತ್ರ ಕೊಳ್ಳುತ್ತಿವೆ. ಆ ಮನೆಯ ನೀರಿನ ವರದಿ ನೋಡದೆ ಯಾರೂ ಯಂತ್ರ ಮಾರಬಾರದು. ಯಂತ್ರ ಯಾವುದನ್ನು ತೆಗೆಯುತ್ತದೆ, ಯಾವುದನ್ನು ತೆಗೆಯುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಬರೆದು ಕೊಡಬೇಕು.

8. ಪ್ರತಿ ಮನೆಗೂ ಒಂದು ಹಾಳೆಯ ತಿಳಿವಳಿಕೆ ಪತ್ರ ಹಂಚಿ. ಅದರಲ್ಲಿ ಇಷ್ಟಿದ್ದರೆ ಸಾಕು: ಕದಡಿದ ನೀರಿಗೆ ಪಟಕ ಹಾಕಿ ತಿಳಿಯಾಗಲು ಬಿಡಿ. ರೋಗಾಣುವಿನ ಶಂಕೆಯಿದ್ದರೆ ಕೊತಕೊತ ಕುದಿಸಿ. ಕಬ್ಬಿಣದಿಂದ ಕೆಂಪಾಗುವ ನೀರನ್ನು ಗಾಳಿಯಾಡುವಂತೆ ಸುರಿದು, ನಿಲ್ಲಿಸಿ, ಮರಳಿನಲ್ಲಿ ಸೋಸಿ. ಫ್ಲೋರೈಡ್, ನೈಟ್ರೇಟ್ ಇರುವ ನೀರನ್ನು ಕುದಿಸಿದರೆ ಅವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ದಟ್ಟವಾಗುತ್ತವೆ.

9. ಮಳೆನೀರು ಹಿಡಿಯಲು ನೆರವು ಕೊಡಿ, ಕೆರೆಗೆ ಬರುವ ನೀರು ಶುದ್ಧವಾಗಿರಲಿ. ಬಂಡೆ ಮುಟ್ಟದ ಮಳೆನೀರಿನಲ್ಲಿ ಫ್ಲೋರೈಡಿನ ಬಾಧೆಯಿಲ್ಲ. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ಪೈಪು, ಸೋಸುವ ತೊಟ್ಟಿ, ಮುಚ್ಚಿದ ಟ್ಯಾಂಕು ಇವಕ್ಕೆ ಬಡ ಕುಟುಂಬಗಳಿಗೆ ಪೂರ್ಣ ಸಹಾಯಧನ ಬೇಕು. ಬೆಂಗಳೂರಿನ ಕೊಳಚೆ ನೀರು ಎರಡು ಹಂತದ ಸಂಸ್ಕರಣೆಯ ನಂತರ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ, ಎಚ್.ಎನ್. ವ್ಯಾಲಿಯಿಂದ ಚಿಕ್ಕಬಳ್ಳಾಪುರಕ್ಕೂ ಬರುತ್ತಿದೆ. ಕೆರೆ ತುಂಬಿದ್ದು ನಮಗೆ ಬೇಕಾದದ್ದೇ. ಆದರೆ ಆ ನೀರು ಇಂಗಿ ನಮ್ಮ ಬಾವಿಗಳನ್ನು ಸೇರುತ್ತದೆ. ಮೂರನೇ ಹಂತದ ಸಂಸ್ಕರಣೆ ಆಗಲೇಬೇಕು, ಆ ಕೆರೆಗಳ ಸುತ್ತಲ ಬೋರ್‌ಗಳ ನೀರನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು.

10. ಈಗಾಗಲೇ ನೊಂದವರನ್ನು ಕೈಬಿಡಬೇಡಿ. ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಹಲ್ಲಿನ ತಪಾಸಣೆ ನಡೆಸಿ. ಫ್ಲೋರೈಡಿನಿಂದ ಮೂಳೆ, ಕೀಲು ಹಿಡಿದುಕೊಂಡವರಿಗೆ ಉಚಿತ ಚಿಕಿತ್ಸೆ, ಊರುಗೋಲು, ಅರ್ಹರಿಗೆ ಅಂಗವೈಕಲ್ಯ ಪ್ರಮಾಣಪತ್ರ, ಮಾಸಾಶನ ಮನೆ ಬಾಗಿಲಿಗೆ ತಲುಪಿಸಿ.

ಎತ್ತಿನಹೊಳೆ ಯೋಜನೆಯ ನೀರು ಬರಲಿ ಎಂದು ನಾವೂ ಕಾಯುತ್ತಿದ್ದೇವೆ. ಆದರೆ ಇವತ್ತು ಹಾಲುಹಲ್ಲು ಬಿದ್ದ ಮಗು ಅದು ಬರುವ ತನಕ ಕಾಯಲಾರದು. ಈ ಹತ್ತರಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ. ವಿಧಾನಗಳು ಗೊತ್ತಿವೆ, ಮಾನಕವೂ ಇದೆ. ಬೇಕಿರುವುದು ಹೊಣೆ ಹೊರುವ ಮನಸ್ಸು. ಮುಂದಿನ ಗ್ರಾಮಸಭೆಯಲ್ಲಿ ಪ್ರತಿಯೊಂದು ಹಕ್ಕೊತ್ತಾಯಕ್ಕೂ ಲಿಖಿತ ಉತ್ತರ ಕೊಡಿ. ಊರಿನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವೂ ಆ ಸಭೆಗೆ ತಪ್ಪದೆ ಬನ್ನಿ. ನಮ್ಮ ನೀರಿನ ವರದಿ ಎಲ್ಲಿ ಎಂದು ಮೊದಲು ಕೇಳಿ.

ಇಂತಿ,
ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೊಳವೆಬಾವಿ ನೀರು ಕುಡಿಯುವ ಕುಟುಂಬಗಳು