ಲೆಸ್ಟರ್ ಪಟ್ಟಣದ ಬಡಗಿ

ಲಂಡನ್ನಿಗೆ ಸುಮಾರು ನೂರು ಮೈಲಿ ದೂರದಲ್ಲಿರುವ ಲೆಸ್ಟರ್ ನಗರದ ರೈಲು ನಿಲ್ದಾಣದ ಹೊರಗೆ ಒಂದು ಕಂಚಿನ ಪ್ರತಿಮೆ ಉಂಟು. ಕೈಯಲ್ಲಿ ಗಡಿಯಾರ, ಬಳಿಯಲ್ಲಿ ಪ್ರಯಾಣದ ಪೆಟ್ಟಿಗೆ. 1994ರಲ್ಲಿ ಸ್ಥಾಪಿತವಾದ ಈ ಪ್ರತಿಮೆ ಟಾಮಸ್ ಕುಕ್‌ನದು. ಈ ಹೆಸರನ್ನು ಪ್ರವಾಸದ ಟಿಕೇಟಿನ ಮೇಲೆ ಕಂಡ ವಾಚಕರು ಬಹುಮಂದಿ. ಅದು ಒಬ್ಬ ಬಡಗಿಯ ಹೆಸರೆಂದು ಬಲ್ಲವರು ವಿರಳ.

1808ರಲ್ಲಿ ಡಾರ್ಬಿಷೈರಿನ ಮೆಲ್ಬರ್ನ್ ಎಂಬ ಊರಿನಲ್ಲಿ ಹುಟ್ಟಿದ ಈತ ನಾಲ್ಕನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು ತೋಟದ ಕೂಲಿಗೆ ನಿಂತ. ಅನಂತರ ಸೋದರಮಾವನಲ್ಲಿ ಮರಗೆಲಸ ಕಲಿತ. ಮದ್ಯಪಾನವೇ ಬಡವರ ಶತ್ರುವೆಂದು ನಂಬಿದ್ದ ಆತನಿಗೆ, ಪಾನನಿರೋಧದ ಸಭೆಯೊಂದಕ್ಕೆ ಲೆಸ್ಟರಿಗೆ ನಡೆದು ಬರುತ್ತಿದ್ದಾಗ ಒಂದು ಯೋಚನೆ ಹೊಳೆಯಿತು. ಅದರ ಫಲವಾಗಿ 1841ರ ಜುಲೈ 5ರಂದು ಸುಮಾರು 500 ಜನ, ತಲೆಗೊಂದು ಶಿಲ್ಲಿಂಗಿನಂತೆ, ಛಾವಣಿಯಿಲ್ಲದ ರೈಲುಗಾಡಿಗಳಲ್ಲಿ ಲಫ್‌ಬರೋ ಊರಿಗೆ ಹೋಗಿ ಬಂದರು. ಹೆಂಡದಂಗಡಿಯಿಂದ ಜನರನ್ನು ದೂರ ಸೆಳೆಯಬೇಕೆಂಬ ಹಟವೇ ಈ ದೊಡ್ಡ ವ್ಯಾಪಾರಕ್ಕೆ ಬೀಜವಾದದ್ದು ವಿಚಿತ್ರವಲ್ಲವೆ?

ಗ್ಯಾಲೊಟ್ರೀ ಗೇಟ್ ಬೀದಿಯಲ್ಲಿ 1894ರ ಭವ್ಯವಾದ ಕಟ್ಟಡವೊಂದಿದೆ. ಅದರ ಮುಖದ ಮೇಲೆ ನಾಲ್ಕು ಉಬ್ಬುಚಿತ್ರಗಳು: 1841ರ ಆ ರೈಲು, 1851ರ ಲಂಡನ್ ಮಹಾಪ್ರದರ್ಶನ, 1884ರ ನೈಲ್ ನದಿಯ ಸೈನ್ಯಯಾತ್ರೆ, 1891ರಲ್ಲಿ ಫೋರ್ತ್ ಸೇತುವೆಯ ಮೇಲಿನ ರೈಲು. ಇದನ್ನು ಕಟ್ಟಿಸಿದವನು ಮಗ ಜಾನ್. ಪಾದಚಾರಿ ಬೋಧಕನಾಗಿ ಊರೂರು ಅಲೆದ ತಂದೆಯ ಜೀವನಕ್ಕೆ ಸೈನ್ಯ ಸಾಗಿಸಿದ ಕೀರ್ತಿಯನ್ನೂ ಜೋಡಿಸಿದ ಚಿತ್ರಮಾಲೆಯಿದು! ಕೋಡಂಗಿಗಳ ಮಟ್ಟಕ್ಕೆ ಇಳಿಯದ ಶಿಲ್ಪ, ನಿಜ. ಆದರೆ ಇದು ಕಂಪನಿಯ ಚರಿತ್ರೆ. ಅಷ್ಟರೊಳಗೆ ತಂದೆಗೂ ಮಗನಿಗೂ ಮನಸ್ತಾಪ ಬೆಳೆದು, 1870ರ ದಶಕದ ಕೊನೆಯಲ್ಲಿಯೇ ಮುದುಕ ವ್ಯವಹಾರದಿಂದ ಹೊರಗಾಗಿದ್ದ.

ಮನುಷ್ಯನನ್ನು ಕಾಣಬೇಕಾದರೆ ಲಂಡನ್ ರಸ್ತೆಗೆ ಹೋಗಬೇಕು. ನಿವೃತ್ತಿಯ ಕಾಲಕ್ಕೆಂದು ಆತ ಕಟ್ಟಿಸಿಕೊಂಡ ಥಾರ್ನ್‌ಕ್ರಾಫ್ಟ್ ಎಂಬ ಮನೆ ಇಂದಿಗೂ ಅಲ್ಲಿದೆ. 1880ರ ನವೆಂಬರಿನಲ್ಲಿ ಒಬ್ಬಳೇ ಮಗಳಾದ ಆ್ಯನಿ ಆ ಮನೆಯ ಸ್ನಾನದ ತೊಟ್ಟಿಯಲ್ಲಿ ಪ್ರಾಣ ಬಿಟ್ಟಳು. ನೀರು ಕಾಯಿಸುವ ಗ್ಯಾಸ್ ಯಂತ್ರದ ಹೊಗೆ ಅವಳ ಪ್ರಜ್ಞೆ ತಪ್ಪಿಸಿತ್ತು. (ಗ್ಯಾಸ್ ಗೀಸರಿನ ಈ ಅಪಾಯ ಕಿಟಕಿ ಮುಚ್ಚಿದ ನಮ್ಮ ಬಚ್ಚಲುಮನೆಗಳಿಗೂ ಹೊಸದಲ್ಲವೆಂದು ಗೃಹಿಣಿಯರು ನೆನಪಿಡಲಿ.) ನಾಲ್ಕು ವರ್ಷಗಳಲ್ಲಿ ಪತ್ನಿ ಮೇರಿಯಾನಳೂ ತೀರಿಕೊಂಡಳು. ಲೋಕಕ್ಕೆಲ್ಲ ದೇಶ ತೋರಿಸಿದ ವೃದ್ಧನ ಕಣ್ಣುಗಳೂ ಕಡೆಗಾಲದಲ್ಲಿ ಮಂಜಾದುವು. ಆದರೂ ಹುಟ್ಟೂರಿನ ಬಡವರನ್ನು ಮರೆಯದೆ, 1890-91ರಲ್ಲಿ ಮೆಲ್ಬರ್ನಿನಲ್ಲಿ ಅವರಿಗಾಗಿ ಸಾಲುಮನೆಗಳನ್ನು ಕಟ್ಟಿಸಿದ. ಅವೂ ಉಳಿದಿವೆ.

1892ರ ಜುಲೈನಲ್ಲಿ ಆತ ಕಾಲವಾದ. 2019ರ ಸೆಪ್ಟೆಂಬರಿನಲ್ಲಿ ಆತನ ಹೆಸರಿನ ಬ್ರಿಟಿಷ್ ಕಂಪನಿ ದಿವಾಳಿಯಾಯಿತು. ಗ್ಯಾಲೊಟ್ರೀ ಗೇಟಿನ ಉಬ್ಬುಚಿತ್ರಗಳಲ್ಲಿ ಆ್ಯನಿಗೆ ಸ್ಥಳವಿಲ್ಲ. ವೆಲ್‌ಫರ್ಡ್ ರಸ್ತೆಯ ಸ್ಮಶಾನದಲ್ಲಿ ತಾಯಿತಂದೆಯರ ಜೊತೆ ಅವಳೂ ಮಲಗಿದ್ದಾಳೆ.