ರಾಡ್ ಆಮೇಲೆ, ಮೊದಲು ನೋಟ್‌ಬುಕ್

ಹಾಸ್ಟೆಲ್‌ನಲ್ಲಿ ಈಗ ಎರಡು ಥರದ ರೀಲ್ ಓಡ್ತಿದೆ. ಒಂದು ಮೊಬೈಲಿನದ್ದು, ಇನ್ನೊಂದು ಆನ್‌ಲೈನ್‌ನಲ್ಲಿ ತರಿಸಿದ ಗಾಳದ ಕೋಲಿನದ್ದು. ಮೊದಲನೆಯದನ್ನು ನೋಡಿ ನೋಡಿಯೇ ಎರಡನೆಯದು ಮನೆಗೆ ಬರೋದು ಅನ್ನೋದು ಬೇರೆ ಮಾತು. ಯಾವುದೋ ದೇಶದ ಹೊಳೆಯಲ್ಲಿ ಸೊಂಟದ ತನಕ ನೀರಲ್ಲಿ ನಿಂತು, ತಲೆಯ ಮೇಲೆ ದಾರವನ್ನು ಹಿಂದೆ ಮುಂದೆ ಬೀಸಿ, ಮೀನು ಹಿಡಿದು, ಫೋಟೊ ತೆಗೆದು ವಾಪಸ್ ಬಿಡುವ ವಿಡಿಯೊ. ಅದನ್ನು ನೋಡಿದ ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ನಮಗೆಲ್ಲ 'ನಮ್ಮೂರಲ್ಲೂ ನೀರಿದೆಯಲ್ಲ' ಅನ್ನಿಸೋದು ಸಹಜ. ಅನ್ನಿಸಲಿ. ಆದರೆ ಆ ಹವ್ಯಾಸದಿಂದ ನಾವು ಮೊದಲು ತರಬೇಕಾದ್ದು ರಾಡ್ ಅಲ್ಲ ಅನ್ನೋದು ನಮ್ಮ ವಾದ.

ಫ್ಲೈ ಫಿಶಿಂಗ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ: ನಮ್ಮ ಮಾಮೂಲಿ ಗಾಳದಲ್ಲಿ ಎರೆಹುಳದ್ದೋ ಸೀಸದ ಗುಂಡಿನದ್ದೋ ತೂಕ ದಾರವನ್ನು ಎಳೆದುಕೊಂಡು ಹೋಗುತ್ತೆ. ಇಲ್ಲಿ ಉಲ್ಟಾ. ಕೊಕ್ಕೆಗೆ ಕೋಳಿ ಪುಕ್ಕ, ನೂಲು ಸುತ್ತಿ ಮಾಡಿದ ಹುಳುವಿಗೆ ತೂಕವೇ ಇಲ್ಲ. ತೂಕ ಇರೋದು ದಾರದಲ್ಲಿ. ಐದನೇ ನಂಬರಿನ ದಾರದ ಮೊದಲ 30 ಅಡಿ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗಬೇಕು ಅಂತ ಲೆಕ್ಕವಿದೆ. ಕೋಲು ಒಂದು ಕ್ಯಾಂಟಿಲಿವರ್. ಬಾಗಿ ಶಕ್ತಿ ತುಂಬಿಕೊಂಡು, ಸಡನ್ನಾಗಿ ನಿಲ್ಲಿಸಿದಾಗ ಅದನ್ನು ದಾರಕ್ಕೆ ದಾಟಿಸುತ್ತೆ. ದಾರ ತುದಿಗೆ ಹೋದಂತೆ ತೆಳ್ಳಗಾಗೋದರಿಂದ ಹುಳು ನೀರ ಮೇಲೆ ಸದ್ದಿಲ್ಲದೆ ಇಳಿಯುತ್ತೆ. ಮೆಕ್ಯಾನಿಕಲ್‌ನವರು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಇದನ್ನೇ ಉದಾಹರಣೆ ಕೊಟ್ಟಿದ್ದರೆ ಎಷ್ಟೋ ಜನ ಎಚ್ಚರವಾಗಿ ಕೂತಿರ್ತಿದ್ರು.

ಆದರೆ ಸಲಕರಣೆಗಿಂತ ದೊಡ್ಡ ವಿಷಯ ಆ ಹುಳು. ಮೀನನ್ನು ಮರುಳು ಮಾಡಬೇಕಾದ್ರೆ ಆ ಹೊಳೆಯಲ್ಲಿ ಆ ವಾರ ಯಾವ ಹುಳು ಹುಟ್ಟುತ್ತಿದೆ ಅಂತ ಗೊತ್ತಿರಬೇಕು. ಅದಕ್ಕೇ ಒಳ್ಳೆಯ ಫ್ಲೈ ಗಾಳಗಾರ ನೀರಿಗಿಳಿದ ಕೂಡಲೇ ಕೋಲು ಬೀಸೋದಿಲ್ಲ, ಕಲ್ಲು ಮಗುಚಿ ನೋಡ್ತಾನೆ. ಮೇಫ್ಲೈ, ಸ್ಟೋನ್‌ಫ್ಲೈ ಮರಿಗಳು ಶುದ್ಧವಾದ, ಆಮ್ಲಜನಕ ಚೆನ್ನಾಗಿರುವ ನೀರಿನಲ್ಲೇ ಹೆಚ್ಚಾಗಿರೋದು. ಕಲ್ಲಡಿ ಬರೀ ಕೆಂಪು ಹುಳ, ಲೋಳೆ ಕಂಡರೆ ಮೇಲೆ ಎಲ್ಲೋ ಚರಂಡಿ ಸೇರಿದೆ ಅಂತ ಲ್ಯಾಬ್ ರಿಪೋರ್ಟ್ ಬರೋ ಮೊದಲೇ ಅನುಮಾನಿಸಬಹುದು. ಹೊಳೆ ನೋಡುವ ಈ ಕಣ್ಣು ದುಡ್ಡಿಗೆ ಸಿಗಲ್ಲ.

ಹಾಗಂತ ಹೊಳೆ ನೋಡೋದನ್ನು ನಮಗೆ ಹೊರಗಿನವರೇ ಕಲಿಸಬೇಕು ಅಂತಲ್ಲ. ಮಲೆನಾಡಿನಲ್ಲಿ ಮೊದಲ ಮಳೆಗೆ ಮೀನು ಹೊಳೆಯಿಂದ ಗದ್ದೆಗೆ ಹತ್ತುವ ರಾತ್ರಿ ಯಾವುದು ಅಂತ ಗಾಳಿ ವಾಸನೆಯಲ್ಲೇ ಹೇಳುವ ಅಜ್ಜಂದಿರು ಇದ್ದಾರೆ. ನಮ್ಮ ಜಿಲ್ಲೆಯಲ್ಲೇ ಕೂತು ಗಾಳ ಹಾಕುತ್ತಾ, ಹಕ್ಕಿ ನೋಡುತ್ತಾ ಬರೆದ ತೇಜಸ್ವಿ ಅವರನ್ನು ಓದಿದವರಿಗೆ ಇದೆಲ್ಲ ಹೊಸದೂ ಅಲ್ಲ. ಹತ್ತುಮೀನಿನ ಬೇಟೆಯ ಮೇಲೆ ನಮಗೊಂದು ತಕರಾರಿದೆ, ಅದನ್ನು ಮುಚ್ಚಿಡಲ್ಲ: ಹತ್ತುವ ಮೀನು ಮೊಟ್ಟೆ ಇಡೋಕೆ ಹೊರಟ ಮೀನು. ಹಿಂದೆ ಹೊಳೆ ತುಂಬಾ ಮೀನಿದ್ದಾಗ ನಾಲ್ಕು ಮನೆ ಸಾರಿಗೆ ಅದು ಲೆಕ್ಕಕ್ಕೆ ಬರ್ತಿರಲಿಲ್ಲ. ಈಗ ಟಾರ್ಚ್, ನೈಲಾನ್ ಬಲೆ, ಬೈಕ್ ಎಲ್ಲ ಸೇರಿ ಲೆಕ್ಕ ಬದಲಾಗಿದೆ. ವಿಷ, ಸಿಡಿಮದ್ದಿನ ಮಾತಂತೂ ಬಿಡಿ; ಅದನ್ನು ಇಂಡಿಯನ್ ಫಿಶರೀಸ್ ಆಕ್ಟ್ 1897ರಲ್ಲೇ ಅಪರಾಧ ಅಂದಿದೆ.

ನೋಟ್‌ಬುಕ್ ವಿಷಯಕ್ಕೆ ಬರೋಣ. ಕಾವೇರಿಯ ಗೂನುಬೆನ್ನಿನ ಮಹಶೀರ್ ಬಗ್ಗೆ ಕೇಳಿರ್ತೀರಿ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದ್ದು ಗಾಳಕ್ಕೆ ಬಿದ್ದಿತ್ತು. ಇಷ್ಟು ಪ್ರಸಿದ್ಧ ಮೀನಿನ ವೈಜ್ಞಾನಿಕ ಹೆಸರು, ಟೋರ್ ರೆಮಾದೇವಿ ಅಂತ ಖಚಿತವಾಗಿದ್ದು 2018ರಲ್ಲಿ! ಅದೇ ವರ್ಷ ಐಯುಸಿಎನ್ ಅದನ್ನು ಅಳಿವಿನ ಅಂಚಿನ ಕೊನೆಯ ಮೆಟ್ಟಿಲಿಗೆ ಸೇರಿಸಿತು. ಅದು ಕಡಿಮೆಯಾಗ್ತಿದೆ ಅಂತ ಗೊತ್ತಾಗಿದ್ದು ಹೇಗೆ? ಗಲಿಬೋರೆ ಕ್ಯಾಂಪಿನಲ್ಲಿ ಹಿಡಿದು ಬಿಡುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳಿಂದ. ಯಾವ ಮೀನು, ಎಷ್ಟು ತೂಕ, ಎಷ್ಟು ಹೊತ್ತು ಗಾಳ ಹಾಕಿದ್ರು, ಅಷ್ಟೇ. ಸಂಶೋಧಕರು ಅದನ್ನು ಕೂಡಿಸಿ ನೋಡಿದಾಗ ಗೂನುಬೆನ್ನಿನದ್ದು ಕುಸಿದು, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿತ್ತು. ನದಿಗೆ ಒಳ್ಳೆಯದಾಗಲಿ ಅಂತಲೇ ಹ್ಯಾಚರಿ ಮರಿ ಬಿಟ್ಟಿದ್ದು; ಆ ನದಿಯದ್ದೇ ಮೀನಿಗೆ ಅದು ಮುಳುವಾಯ್ತು. ಬರೆದಿಡದೇ ಇದ್ದಿದ್ರೆ ಇದು 'ಮೀನು ಜಾಸ್ತಿಯಾಗಿದೆ' ಅನ್ನೋ ಸಂತೋಷದ ಸುದ್ದಿಯಾಗಿಯೇ ಉಳೀತಿತ್ತು.

ಇದು ನಮ್ಮ ಮೂರು ತಾಲೂಕಿಗೆ ಯಾಕೆ ಮುಖ್ಯ ಅಂದ್ರೆ, ಇಲ್ಲಿ ನೀರಿನ ದಾರಿಯೇ ಬದಲಾಗ್ತಿದೆ. ತರೀಕೆರೆ ಕಡೆ ಭದ್ರಾ. ಕುದುರೆಮುಖದ ಗಣಿಯ ಹೂಳನ್ನು ವರ್ಷಗಟ್ಟಲೆ ಹೊತ್ತ ಹೊಳೆ ಅದು. ಆ ಗಣಿ ನಿಂತಿದ್ದು 2005ರ ಕೊನೆಗೆ. ಕಡೂರು ಕಡೆ ಅಯ್ಯನಕೆರೆಯಿಂದ ವೇದಾ, ಮದಗದಕೆರೆಯಿಂದ ಆವತಿ ಬಂದು ಸೇರಿ ವೇದಾವತಿಯಾಗುತ್ತೆ, ಬೇಸಿಗೆಯಲ್ಲಿ ಬಹುಪಾಲು ಮರಳು. ಇವೆರಡಕ್ಕೂ ನಡುವೆ ಈಗ ಭದ್ರಾ ಮೇಲ್ದಂಡೆ ಯೋಜನೆ. ತುಂಗೆಯಿಂದ 17.4 ಟಿಎಂಸಿ ಭದ್ರೆಗೆ, ಭದ್ರೆಯಿಂದ 29.9 ಟಿಎಂಸಿ ಎತ್ತಿ, ಅಜ್ಜಂಪುರದ ಹತ್ತಿರ ಸುಮಾರು 7 ಕಿ.ಮೀ. ಸುರಂಗ ದಾಟಿಸಿ ಬಯಲುಸೀಮೆಗೆ ಕೊಡುವ ಲೆಕ್ಕ. 2019ರಲ್ಲೇ ಈ ದಾರಿಯಲ್ಲಿ ವಾಣಿವಿಲಾಸ ಸಾಗರಕ್ಕೆ ನೀರು ಹರಿದಿದೆ. ಬರ ಕಂಡ ಊರಿನವರಾಗಿ ಈ ನೀರು ಬೇಡ ಅನ್ನೋ ಮಾತು ನಮ್ಮ ಬಾಯಲ್ಲಿ ಬರಲ್ಲ. ಆದರೆ ನೀರಿನ ಜೊತೆ ಮೊಟ್ಟೆ, ಮರಿ, ಕಳೆ ಎಲ್ಲವೂ ಬರಬಹುದು. ಮುಂದೆ ವೇದಾವತಿಯ ಗೆಂಡೆ, ಬಾಳೆ ಮೀನು ಕಡಿಮೆಯಾಗಿ ಜಿಲೇಬಿಯೋ, ಸಾಕೋದನ್ನೇ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ಶೋ ತುಂಬಿದರೆ, 'ಮೊದಲು ಏನಿತ್ತು' ಅಂತ ಕೇಳೋಕೆ ಹಳೆಯ ಪುಟವೊಂದು ಬೇಕಲ್ಲ? ಆ ಪುಟ ಬರೆಯೋ ಕಾಲ ಇದೇ.

ಸಿವಿಲ್‌ನವರಿಗೆ ಒಂದು ಮಾತು. 59 ಮೀಟರ್ ಎತ್ತರದ ಭದ್ರಾ ಅಣೆಕಟ್ಟನ್ನು ಮೀನು ಹತ್ತೋಕೆ ಮೆಟ್ಟಿಲು ಕಟ್ಟಿ ಅಂತ ಯಾರೂ ಕೇಳ್ತಿಲ್ಲ. ಆದರೆ ಹಳ್ಳಹಳ್ಳಕ್ಕೂ ಏಳುತ್ತಿರುವ ಚೆಕ್ ಡ್ಯಾಮ್, ಕಿಂಡಿ ಅಣೆಕಟ್ಟುಗಳಲ್ಲಿ ಒಂದು ಪಕ್ಕ ಒರಟು ಇಳಿಜಾರು ಬಿಟ್ಟರೆ, ಮಳೆಗಾಲದ ಶುರುವಿಗೆ ಹಲಗೆ ಹಾಕೋದನ್ನು ಕೆಲವು ವಾರ ಮುಂದೂಡಿದರೆ, ಹತ್ತುವ ಮೀನಿಗೆ ದಾರಿ ಸಿಗುತ್ತೆ. ನಾಳೆ ಆ ಡ್ರಾಯಿಂಗ್ ಮಾಡೋರು ನಮ್ಮಲ್ಲೇ ಯಾರೋ.

'ಹಿಡಿದು ಬಿಡೋದೂ ಹಿಂಸೆಯೇ ಅಲ್ವಾ?' ಅಂತ ಕೇಳುವವರಿದ್ದಾರೆ. ಹೌದು, ಸ್ವಲ್ಪ. ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ಮೀನನ್ನು ನೀರಿಂದ ಮೇಲೆತ್ತದೆ ಬಿಡಿಸೋದು, ಇವು ಆ ಹಿಂಸೆಯನ್ನು ಕಡಿಮೆ ಮಾಡುತ್ತವೆ, ಇಲ್ಲವಾಗಿಸಲ್ಲ. ಹೊಟ್ಟೆಪಾಡಿಗೆ ಕೆರೆ ಗುತ್ತಿಗೆ ಹಿಡಿದ ಮೀನುಗಾರರಿಗೆ ನಾವು ಪಾಠ ಹೇಳೋದಂತೂ ಅಸಹ್ಯ. ಮೀನಿನ ಹೆಸರು ಕಲಿಯೋಕೆ ಹೋಗಬೇಕಾದ್ದೇ ಅವರ ಹತ್ತಿರ. ಇನ್ನು ಲಕ್ಕವಳ್ಳಿ ಹಿನ್ನೀರಿನ ಹುಲಿ ಮೀಸಲು ಪ್ರದೇಶದೊಳಗೆ ಗಾಳ ಹಾಕೋ ಆಸೆ ಬಿಡಿ. ಅಲ್ಲಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ನದಿ ರೀವಗಳು ಮೊಟ್ಟೆ ಇಡುತ್ತವೆ, ಅವುಗಳ ಕಾಲಿಗೆ ನಮ್ಮ ನೈಲಾನ್ ದಾರ ಬೇಡ.

ಈ ರಜೆಗೆ ಊರಿಗೆ ಹೋಗೋರು ಇನ್ನೂರು ಪುಟದ ಒಂದು ಪುಸ್ತಕ ಇಟ್ಟುಕೊಳ್ಳಿ. ತಾರೀಖು, ಜಾಗ, ನೀರು ಹರೀತಿದೆಯೋ ನಿಂತಿದೆಯೋ, ಎಷ್ಟು ಹೊತ್ತು ಕೂತಿರಿ, ಕಲ್ಲಡಿ ಏನಿತ್ತು, ಯಾವ ಮೀನು, ಊರಲ್ಲಿ ಅದನ್ನು ಏನಂತ ಕರೀತಾರೆ, ಸ್ಕೇಲ್ ಪಕ್ಕ ಇಟ್ಟು ತೆಗೆದ ಒಂದು ಫೋಟೊ. ಏನೂ ಸಿಗದ ದಿನವನ್ನೂ ಬರೀರಿ, ಕಾವೇರಿಯ ಲೆಕ್ಕ ನಿಂತಿದ್ದು ಅಂಥ ಸೊನ್ನೆಗಳ ಮೇಲೂ. ಕಡೂರಿನವರು ವೇದಾವತಿ ಮತ್ತು ಅಯ್ಯನಕೆರೆ ನೋಡ್ಕೊಳ್ಳಿ, ತರೀಕೆರೆಯವರು ಅರಣ್ಯದ ಹೊರಗಿನ ಭದ್ರಾ ನಾಲೆ, ಅಜ್ಜಂಪುರದವರು ಸುರಂಗದ ಆಚೆಯ ಹಳ್ಳ. ಮುಂದಿನ ಸೆಮ್ ಶುರುವಾದಾಗ ಕ್ಲಬ್ ರೂಮಿಗೆ ತನ್ನಿ, ಮೂರನ್ನೂ ಒಂದೇ ಶೀಟಿಗೆ ಹಾಕೋಣ. ಕೋಲು ಯಾವುದು ತಗೋಬೇಕು ಅನ್ನೋ ಚರ್ಚೆಯನ್ನು ಅಲ್ಲೇ ಟೀ ಕುಡೀತಾ ಮಾಡಬಹುದು.