ಆರು ತಿಂಗಳ ತರಬೇತಿ ಎಲ್ಲಿ, ಕುಲಪತಿಗಳೇ?



ಎಂ.ಎಸ್ಸಿ. ಬಯೋಟೆಕ್ನಾಲಜಿಯ ನಾಲ್ಕನೇ ಸೆಮಿಸ್ಟರ್‌ನಲ್ಲಿ ಆರು ತಿಂಗಳು ಕಂಪನಿಯಲ್ಲಿ ತರಬೇತಿ ಎಂದು ತಮ್ಮ ಪ್ರವೇಶ ಕೈಪಿಡಿಯಲ್ಲೇ ಅಚ್ಚಾಗಿತ್ತು. ಅದು ವಿಭಾಗದೊಳಗಿನ ಪ್ರಾಜೆಕ್ಟ್ ಆಗಿ ಮುಗಿದ ಕಥೆ ತಮಗೆ ಗೊತ್ತಿದೆ. ವಿಭಾಗಕ್ಕೆ ಮನವಿ ಕೊಟ್ಟೆವು, ಕುಲಸಚಿವರಿಗೆ ಬರೆದೆವು. ಬಂದ ಉತ್ತರ ಒಂದೇ ಸಾಲು: ಕೆಲಸ ಕೊಡಿಸುವುದು ವಿಶ್ವವಿದ್ಯಾಲಯದ ಹೊಣೆಯಲ್ಲ. ನಾವು ಕೇಳಿದ್ದು ಕೆಲಸವನ್ನಲ್ಲ ಸ್ವಾಮಿ, ತರಬೇತಿಯನ್ನು.

ಆ ಆರು ತಿಂಗಳಿಗೆ ಇಷ್ಟೇಕೆ ಪಟ್ಟು ಎಂದರೆ, ಹೊಸಬರಿಗೆ ಬಾಗಿಲು ತೆರೆಯುವ ಕ್ವಾಲಿಟಿ ಕಂಟ್ರೋಲ್, ಪ್ರೊಡಕ್ಷನ್ ಹುದ್ದೆಗಳಲ್ಲಿ ಮೊದಲು ಪರೀಕ್ಷೆಗೆ ಬೀಳುವುದು ಕೆಲಸದ ಶಿಸ್ತು. ಔಷಧ ತಯಾರಿಕೆಯ ಲ್ಯಾಬ್‌ನಲ್ಲಿ ತೂಕ, ಪಿಎಚ್, ಸಮಯ ಎಲ್ಲವನ್ನೂ ಆ ಕ್ಷಣದಲ್ಲೇ ದಾಖಲಿಸಬೇಕು. ತಪ್ಪಾದರೆ ವೈಟ್ನರ್ ಹಚ್ಚುವಂತಿಲ್ಲ. ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ದಿನಾಂಕ ಹಾಕಬೇಕು. ಚೀಟಿಯಲ್ಲಿ ಬರೆದಿಟ್ಟುಕೊಂಡು ಆಮೇಲೆ ನಕಲು ಮಾಡುವುದು ಅಲ್ಲಿ ಗಂಭೀರ ಲೋಪ. ನಮ್ಮ ಪ್ರಾಕ್ಟಿಕಲ್‌ನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ರಫ್‌ನಲ್ಲಿ ಗೀಚಿ, ಪರೀಕ್ಷೆ ಹತ್ತಿರ ಬಂದಾಗ ಚಿತ್ತಿಲ್ಲದೆ ಬರೆದ ಫೇರ್ ರೆಕಾರ್ಡ್‌ಗೆ ಪೂರ್ಣ ಅಂಕ. ಎಚ್‌ಪಿಎಲ್‌ಸಿ ಯಂತ್ರವನ್ನು ದೂರದಿಂದ ತೋರಿಸಿದರೆ ಪಾಠ ಮುಗಿಯಿತು. ಹೀಗೆ ತಯಾರಾದವರು ಸಂದರ್ಶನದಲ್ಲಿ ತಡವರಿಸಿದರೆ ಅದು ಅವರ ದಡ್ಡತನವೇ?

ಯಂತ್ರಗಳು ದುಬಾರಿ ಎನ್ನುತ್ತೀರಿ, ಒಪ್ಪಿದೆ. ಯಂತ್ರ ಇರುವಲ್ಲಿಗೆ ವಿದ್ಯಾರ್ಥಿಗಳನ್ನು ಕಳಿಸುತ್ತೇವೆಂದು ಮಾತು ಕೊಟ್ಟದ್ದೂ ಅದಕ್ಕೇ ಅಲ್ಲವೇ? ಕಂಪನಿಗಳು ಒಪ್ಪುವುದಿಲ್ಲ ಎಂಬುದು ಇನ್ನೊಂದು ನೆಪ. ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ಎಂಜಿನಿಯರಿಂಗೇತರ ಪದವೀಧರರಿಗೂ ಅವಕಾಶ ಕೊಟ್ಟಿದ್ದಾರೆ. ಒಡಂಬಡಿಕೆಗೆ ಯಾವ ಕಂಪನಿಯನ್ನು ಕೇಳಿದಿರಿ, ಯಾರು ನಿರಾಕರಿಸಿದರು, ಆ ಕಡತ ತೋರಿಸಿ. ಖಾಸಗಿ ಕೋರ್ಸ್ ಮಾಡಿಕೊಳ್ಳಿ ಎಂಬ ಬಿಟ್ಟಿ ಸಲಹೆಯಂತೂ ಬೇಡ. ಒಂದೇ ಕಲಿಕೆಗೆ ಎರಡು ಸಲ ಶುಲ್ಕ ಕಟ್ಟುವ ಶಕ್ತಿ ಎಷ್ಟು ಮನೆಗಳಿಗಿದೆ?

2001ರಲ್ಲೇ ಬಯೋಟೆಕ್ ನೀತಿ ತಂದ ರಾಜ್ಯ ನಮ್ಮದು. ಪದವಿಗೂ ಉದ್ಯಮಕ್ಕೂ ನಡುವಿನ ಕಂದಕ ಮುಚ್ಚಲೆಂದೇ ಬಯೋಟೆಕ್ನಾಲಜಿ ಫಿನಿಶಿಂಗ್ ಸ್ಕೂಲ್‌ಗಳನ್ನು ಸರ್ಕಾರ ತೆರೆಯಬೇಕಾಯಿತು. ಅಂದರೆ ರೋಗ ಯಾವುದೆಂದು ಎಲ್ಲರಿಗೂ ಗೊತ್ತು. ಆದರೂ ವಿಶ್ವವಿದ್ಯಾಲಯಗಳು ಹೊಸ ಕೋರ್ಸ್ ತೆರೆಯುತ್ತವೆ, ಸೀಟು ಹೆಚ್ಚಿಸುತ್ತವೆ. ಬೋಧಕರ ಹುದ್ದೆ ತುಂಬುವುದಿಲ್ಲ, ರಾಸಾಯನಿಕ ಕೊಳ್ಳಲು ಹಣವಿಲ್ಲ ಎನ್ನುತ್ತವೆ. ಎರಡು ವರ್ಷದ ಅನುಭವ ಕೇಳುವ ಉದ್ಯಮದ್ದೂ ತಪ್ಪಿದೆ. ಆದರೆ ಅದು ನಮಗೆ ಮಾತು ಕೊಟ್ಟಿರಲಿಲ್ಲ. ಕೊಟ್ಟವರು ನೀವು.

ಮುಂದಿನ ಪ್ರವೇಶ ಪ್ರಕಟಣೆ ಹೊರಡುವ ಮೊದಲು ತರಬೇತಿಯ ಒಡಂಬಡಿಕೆಗೆ ಸಹಿ ಹಾಕಿ, ಕಂಪನಿಗಳ ಹೆಸರು ಪ್ರಕಟಿಸಿ. ಆಗದಿದ್ದರೆ ಕೈಪಿಡಿಯಿಂದ ಆ ಸಾಲನ್ನು ತೆಗೆಸಿ. ತರಬೇತಿಯ ಬಾಬ್ತು ನಮ್ಮಿಂದ ವಸೂಲು ಮಾಡಿದ ಹಣವನ್ನೂ ವಾಪಸು ಕೊಡಿ.

ಇತಿ,
ತಮ್ಮ ವಿಶ್ವವಿದ್ಯಾಲಯದ ಒಬ್ಬ ಪದವೀಧರ